ನೇಯದ ಅರಿವಿ

"ಅಳಿಯಾ, ಇದನ್ನ ಮುಟ್ಟಿ ನೋಡು. ಇದು ಅರಿವಿಯೇನು, ರಟ್ಟೇನು?"

ಕಳೆದ ದೀಪಾವಳಿಗೆ ಬನಹಟ್ಟಿಗೆ ಹೋದಾಗ ಮಾಮಾ ನನ್ನ ಕೈಗೆ ಅಂಗೈ ಅಗಲದ ಒಂದು ತುಂಡು ಕೊಟ್ಟರು. ಬೆಳ್ಳಗೆ, ದಪ್ಪಗೆ, ಒಂದು ಕಡೆ ನುಣುಪು, ಇನ್ನೊಂದು ಕಡೆ ಸ್ವಲ್ಪ ಜುಂಗು. ಹಾಸು ಇಲ್ಲ, ಹೊಕ್ಕು ಇಲ್ಲ. ಐವತ್ತು ವರ್ಷ ಮಗ್ಗದ ಮುಂದೆ ಕೂತವರಿಗೆ ಅದು ಬಟ್ಟೆ ಅಂತ ಅನ್ನಿಸದೇ ಇದ್ದದ್ದು ಸಹಜ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಧೂಳು ಹಿಡಿಯೋ ಚೀಲಕ್ಕೆ ಹಾಕುವ ನಾನ್‌ವೋವನ್ ಫೆಲ್ಟ್ ಅದು.

ತುಂಡಿನ ಜೊತೆಗೆ ಬಣ್ಣಬಣ್ಣದ ಹತ್ತು ಪುಟದ ಒಂದು ವರದಿನೂ ಇತ್ತು. ಮಷಿನ್ ಮಾರೋ ಏಜೆಂಟ್ ಒಬ್ಬ ಬಂದು ಕೊಟ್ಟು ಹೋಗಿದ್ದನಂತೆ. ಅದರಲ್ಲಿ ಎಡಗಡೆ ಗಿಡ್ಡ ಕಂಬ, ಬಲಗಡೆ ಎತ್ತರದ ಕಂಬ, ಮಧ್ಯೆ ಮೇಲಕ್ಕೆ ಹಾರುವ ಬಾಣ. ಸೋಸುವ ನಾನ್‌ವೋವನ್‌ಗೆ ಮಾರುಕಟ್ಟೆ ಹೀಗೆ ಏರುತ್ತೆ, ಹಾಗೆ ಏರುತ್ತೆ ಅಂತ. ಮಾಮಾ ಕೇಳಿದ್ದು ಇಷ್ಟೇ: "ಹನ್ನೆರಡು ಪಾವರ್‌ಲೂಮ್ ಅದಾವ. ಎಲ್ಲಾ ಮಾರಿ ಇದರ ಮಷಿನ್ ಹಾಕಬೇಕಂತಾನ ಆಂವ. ನೀ ಕಲಿತಾಂವ, ಹೇಳ ನೋಡೂಣು."

ನಾನು ತಕ್ಷಣ ಏನೂ ಹೇಳಲಿಲ್ಲ. ಯಾಕೆಂದರೆ ಅದೇ ಮನೆಯ ಹಿತ್ತಲಲ್ಲಿ ತಾಡಪತ್ರಿ ಮುಚ್ಚಿಕೊಂಡು ಒಂದು ಮಾಸ್ಕ್ ಮಷಿನ್ ಕೂತಿದೆ. 2020ರಲ್ಲಿ ಮಾಮಾನ ಮಗನಿಗೆ ಅದನ್ನು ತಗೋ ಅಂತ ಹೇಳಿದವನು ನಾನೇ. ಆಗಲೂ ಒಂದು ಬಾಣ ಇತ್ತು, ನನ್ನ ಲ್ಯಾಪ್‌ಟಾಪಿನ ಎಕ್ಸೆಲ್ ಹಾಳೆಯಲ್ಲಿ. ಆ ಕಥೆಗೆ ಆಮೇಲೆ ಬರ್ತೀನಿ. ಈ ಸಲ ಮಾತ್ರ ಬಾಯಿ ಬಿಡೋಕೆ ಮುಂಚೆ ಈ ಬಟ್ಟೆ ಎಲ್ಲಿಂದ ಬಂತು, ಯಾರು ಯಾಕೆ ಕೊಳ್ಳೋಕೆ ಶುರು ಮಾಡಿದರು ಅಂತ ಓದಿಕೊಂಡೆ. ನಾನು ಬರೆಯೋದು ಜಾವಾ ಕೋಡು, ಜವಳಿ ಓದಿದವನಲ್ಲ. ತಪ್ಪಿದ್ದರೆ ತಿದ್ದಿ.

ಮೊದಲು ಗೊತ್ತಾದ ವಿಷಯವೇ ನನಗೆ ತಮಾಷೆ ಅನ್ನಿಸ್ತು. ನಾನ್‌ವೋವನ್ ಅಂದರೆ ನೇಕಾರನ ವಂಶದ್ದಲ್ಲ, ಪಿಂಜಾರನ ವಂಶದ್ದು.

ನಮ್ಮ ಕಡೆಯವರಿಗೆ ನೆನಪಿರುತ್ತೆ. ಹೆಗಲ ಮೇಲೆ ಆಳುದ್ದದ ಬಿಲ್ಲು ಹೊತ್ತುಕೊಂಡು ನದಾಫರು ಓಣಿಗೆ ಬರೋರು. ಗಾದಿ ಬಿಚ್ಚಿ ಗಂಟಾದ ಅರಳೆಯನ್ನು ನೆಲಕ್ಕೆ ಹಾಕಿ, ಬಿಲ್ಲಿನ ತಂತಿಯನ್ನು ಕಟ್ಟಿಗೆಯ ಕೊಡತಿಯಿಂದ ಮೀಟಿದರೆ 'ಟ್ವಂಯ್ ಟ್ವಂಯ್' ಅಂತ ಸದ್ದು. ಎಳೆ ಎಳೆಯಾಗಿ ಬಿಡಿಸಿಕೊಂಡ ಅರಳೆ ಮೋಡದ ಹಾಗೆ ಉಬ್ಬೋದು. ಮುಂದಿನ ಹಾದಿ ಎರಡು. ಆ ಅರಳೆಯನ್ನು ನೂಲು ತೆಗೆದು ಮಗ್ಗಕ್ಕೆ ಕೊಟ್ಟರೆ ಸೀರೆ. ನೂಲೇ ತೆಗೆಯದೆ ಪದರ ಪದರವಾಗಿ ಹಾಸಿ, ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳೋ ಹಾಗೆ ಮಾಡಿದರೆ ನಾನ್‌ವೋವನ್. ಕಾರ್ಖಾನೆಯಲ್ಲಿ ಬಿಲ್ಲಿನ ಬದಲು ಹಲ್ಲುಗಳ ಉರುಳೆ ಇರುತ್ತೆ. ಹಿಂಜಿದ ಎಳೆಯ ಪದರವನ್ನು ಅಡ್ಡಡ್ಡ ಮಡಚಿ ಹಾಸಿ, ಕೆಳಗೆ ಹೋಗುವಾಗ ಎಳೆಗಳನ್ನು ಎಳೆದುಕೊಂಡು ಹೋಗುವ, ಮೈಯಲ್ಲಿ ಮುಳ್ಳಿರುವ ಸಾವಿರಾರು ಸೂಜಿಗಳಿಂದ ಚುಚ್ಚುತ್ತಾರೆ. ಚುಚ್ಚಿ ಚುಚ್ಚಿ ಎಳೆಗಳು ಹೆಣೆದುಕೊಂಡು ಗಟ್ಟಿ ಹಾಳೆಯಾಗುತ್ತೆ. ನೇಯ್ಗೆ ಇಲ್ಲ, ಹೊಲಿಗೆ ಇಲ್ಲ, ಗೋಂದೂ ಬೇಕಿಲ್ಲ.

ಸೋಸೋ ಕೆಲಸ ಮಾತ್ರ ಬಹಳ ಕಾಲ ನೇಯ್ದ ಬಟ್ಟೆಯದ್ದೇ ಆಗಿತ್ತು. ಜೈನರ ಮನೆಗಳಲ್ಲಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸೋದು ನಮಗೆ ಹೊಸದಲ್ಲ. ಮಹಾಲಿಂಗಪುರದ ಬೆಲ್ಲ ಅಂದರೆ ಹೆಸರುವಾಸಿ. ಅದಕ್ಕೂ ಗಾಣದಿಂದ ಬಂದ ಹಾಲು ಕೊಪ್ಪರಿಗೆಗೆ ಬೀಳೋ ಮುಂಚೆ ಅರಿವಿ ದಾಟಲೇಬೇಕು. ಹಳೇ ಸಕ್ಕರೆ ಕಾರ್ಖಾನೆಗಳಲ್ಲೂ ರಾಡಿ ಸೋಸುವ ಫಿಲ್ಟರ್ ಪ್ರೆಸ್ಸಿಗೆ ದಪ್ಪ ಹತ್ತಿ ಬಟ್ಟೆ ಹಾಕುತ್ತಿದ್ದರು.

ಸೀರೆಯ ಸೋಸುವಿಕೆ ಬಗ್ಗೆ ಒಂದು ಒಳ್ಳೇ ಅಧ್ಯಯನ ಇದೆ. ರೀಟಾ ಕೋಲ್ವೆಲ್ ಅನ್ನೋ ಅಮೆರಿಕದ ವಿಜ್ಞಾನಿ ಮತ್ತು ಅವರ ತಂಡ ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ಮಾಡಿದ್ದು. 2003ರಲ್ಲಿ ಪ್ರಕಟವಾಯ್ತು. ಹಳೇ ಹತ್ತಿ ಸೀರೆಯನ್ನು ಹಲವು ಪದರವಾಗಿ ಮಡಚಿ ಕೊಡದ ಬಾಯಿಗೆ ಹಾಕಿ ಕೆರೆನೀರು ಸೋಸಿದ ಕಡೆ ಕಾಲರಾ ಶೇ. 48ರಷ್ಟು ಕಮ್ಮಿ ಆಯ್ತು. ಕಾಲರಾ ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ನಿಲ್ಲುವಷ್ಟು ದೊಡ್ಡದಲ್ಲ. ಆದರೆ ಅದು ನೀರಿನಲ್ಲಿ ಅಂಟಿಕೊಂಡು ಬದುಕುವ ಸಣ್ಣ ಹುಳುಗಳು ನಿಲ್ಲುತ್ತವೆ. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು: ಹೊಸ ಸೀರೆಗಿಂತ ಹಳೇ ಸೀರೆ ಚೆನ್ನಾಗಿ ಸೋಸುತ್ತೆ. ಒಗೆದು ಒಗೆದು ನೂಲಿನ ಬಿಗಿ ಸಡಿಲಾಗಿ, ಎಳೆಗಳು ಜುಂಗೆದ್ದು, ಹಾಸು-ಹೊಕ್ಕಿನ ನಡುವಿನ ಕಿಂಡಿಗಳನ್ನು ತುಂಬಿಬಿಡುತ್ತವೆ. ಅಂದರೆ ಅಮ್ಮನ ಹಳೇ ಸೀರೆ ಅರ್ಧ ನಾನ್‌ವೋವನ್ ಆಗಿಬಿಟ್ಟಿರುತ್ತೆ :)

ಇಡೀ ಗುಟ್ಟು ಇಲ್ಲೇ ಇದೆ. ನೇಯ್ದ ಬಟ್ಟೆಯಲ್ಲಿ ಎಳೆಗಳೆಲ್ಲ ನೂಲಿನೊಳಗೆ ಬಿಗಿಯಾಗಿ ಹುರಿಗೊಂಡಿರುತ್ತವೆ. ಗಾಳಿ ನೂಲನ್ನು ಬಿಟ್ಟು ಕಿಂಡಿಯಲ್ಲಿ ನುಗ್ಗುತ್ತೆ. ಒಳಗಿನ ಎಳೆಗಳಿಗೆ ಕೆಲಸವೇ ಇಲ್ಲ. ಫೆಲ್ಟಿನಲ್ಲಿ ಪ್ರತಿ ಎಳೆಯೂ ಒಂಟಿಯಾಗಿ ಗಾಳಿಗೆ ಅಡ್ಡ ನಿಂತಿರುತ್ತೆ. ಧೂಳಿನ ಕಣ ಅದರ ಸಂದಿಗೊಂದಿಯಲ್ಲಿ ತಿರುಗಿ ತಿರುಗಿ ಎಲ್ಲೋ ಒಂದು ಕಡೆ ಬಡಿದು ಅಂಟುತ್ತೆ. ಜರಡಿಗೂ ಇದಕ್ಕೂ ಅದೇ ವ್ಯತ್ಯಾಸ. ಜರಡಿ ತೂತಿನ ಅಳತೆಯಿಂದ ಹಿಡಿಯುತ್ತೆ, ಇದು ದಾರಿಯ ಅಂಕುಡೊಂಕಿನಿಂದ ಹಿಡಿಯುತ್ತೆ.

ಇನ್ನು ಇತಿಹಾಸ. 1852ರಲ್ಲಿ ಅಮೆರಿಕದಲ್ಲಿ ಬಟ್ಟೆ ಚೀಲದಿಂದ ಧೂಳು ಹಿಡಿಯೋಕೆ ಒಂದು ಪೇಟೆಂಟ್ ಸಿಕ್ಕಿತು. ಹಿಡಿದ ಧೂಳು ಸತುವಿನ ಆಕ್ಸೈಡ್, ಬಣ್ಣಕ್ಕೆ ಬಳಸೋದು. ಗಮನಿಸಿ, ಅದು ಮಾಲಿನ್ಯ ಅಲ್ಲ, ಮಾಲು! ಗಾಳಿಗೆ ಹೋದರೆ ದುಡ್ಡು ಹೋದ ಹಾಗೆ. ಮೊದಮೊದಲ ಚೀಲಗಳೆಲ್ಲ ಹೀಗೆ ಮಾರೋ ವಸ್ತುವನ್ನು ಉಳಿಸೋಕೆ ಹುಟ್ಟಿದವು. ಆ ಶತಮಾನದ ಕೊನೆಯಲ್ಲಿ ಜರ್ಮನಿಯ ಲ್ಯೂಬೆಕ್ ಊರಿನ ವಿಲ್ಹೆಲ್ಮ್ ಬೆತ್ ಅನ್ನೋರು ಚೀಲಗಳನ್ನು ತಾನೇ ಅಲುಗಾಡಿಸಿ ಕೊಡವುವ ಯಂತ್ರ ಮಾಡಿದರು. ಬಟ್ಟೆ ಮಾತ್ರ ಇನ್ನೂ ನೇಯ್ದದ್ದೇ.

ಬೇರೆಯವರ ಶ್ವಾಸಕ್ಕೋಸ್ಕರ, ಬೇರೆಯವರ ಬೆಳೆಗೋಸ್ಕರ ಧೂಳು ಹಿಡಿಯಬೇಕು ಅನ್ನೋ ವಿಚಾರ ಬಂದದ್ದು ಜಗಳದಿಂದ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಅನ್ನೋ ಊರಲ್ಲಿ ಕಿತ್ತಳೆ ತೋಟದವರು ಪಕ್ಕದ ಸಿಮೆಂಟ್ ಕಾರ್ಖಾನೆ ಮೇಲೆ ತಿರುಗಿಬಿದ್ದರು, ಎಲೆ ಮೇಲೆ ಧೂಳು ಕೂತು ಗಿಡ ಹಾಳಾಗ್ತಿದೆ ಅಂತ. ಅಲ್ಲಿಗೆ ಬಂದದ್ದು ಬಟ್ಟೆ ಅಲ್ಲ, ವಿದ್ಯುತ್ತು. ಫ್ರೆಡರಿಕ್ ಕಾಟ್ರೆಲ್ 1907ರ ಸುಮಾರಿಗೆ ರೂಪಿಸಿದ ಇಎಸ್‌ಪಿ. ಧೂಳಿಗೆ ವಿದ್ಯುತ್ ಚಾರ್ಜ್ ಕೊಟ್ಟು ಕಬ್ಬಿಣದ ತಗಡಿಗೆ ಅಂಟಿಸೋ ವಿಧಾನ. ಮುಂದೆ ದಶಕಗಟ್ಟಲೆ ಸಿಮೆಂಟು, ಕಲ್ಲಿದ್ದಲ ವಿದ್ಯುತ್ ಕೇಂದ್ರಗಳಲ್ಲಿ ಇದರದ್ದೇ ದರ್ಬಾರು. ನಮ್ಮ ಚೀಲ ಹಿಂದೆ ಬಿತ್ತು.

ಅಷ್ಟರಲ್ಲಿ ಜರ್ಮನಿಯಲ್ಲೇ ಇನ್ನೊಂದು ಕಡೆ, ವೈನ್‌ಹೈಮ್‌ನಲ್ಲಿ, ಫ್ರಾಯ್ಡನ್‌ಬರ್ಗ್ ಅನ್ನೋ ತೊಗಲು ಹದ ಮಾಡೋ ಕಂಪನಿ 1936ರಲ್ಲಿ ಕೃತಕ ತೊಗಲು ಮಾಡೋಕೆ ಹೊರಟು, ಎಳೆಗಳನ್ನು ನೇಯದೆ ಹಾಳೆ ಮಾಡೋದನ್ನು ಕಲಿತಿತು. ತೊಗಲು ಅಷ್ಟಕ್ಕಷ್ಟೆ. ಆದರೆ 1948ರಲ್ಲಿ ಅದೇ ಹಾಳೆ ಅಂಗಿ ಕೋಟುಗಳ ಒಳಗೆ ಹಾಕುವ ಗಟ್ಟಿ ಪದರವಾಗಿ ಮಾರುಕಟ್ಟೆಗೆ ಬಂತು. ನಿಮ್ಮ ಶರ್ಟಿನ ಕಾಲರ್ ಹಿಸುಕಿ ನೋಡಿ, ಆ ವಂಶದ್ದೇ ಏನೋ ಸಿಗಬಹುದು.

ಇವೆರಡೂ ದಾರಿ ಕೂಡಿದ್ದು 1950ರ ದಶಕದಲ್ಲಿ, ಪಲ್ಸ್-ಜೆಟ್ ಬಂದಾಗ. ಚೀಲವನ್ನು ಅಲುಗಾಡಿಸೋ ಬದಲು ಮೇಲಿನಿಂದ ಒತ್ತಿದ ಗಾಳಿಯನ್ನು ಒಂದು ಕ್ಷಣ 'ಫಟ್' ಅಂತ ಬಿಡೋದು. ಚೀಲ ಬಲೂನಿನ ಹಾಗೆ ಹಿಗ್ಗಿ, ಹೊರಗೆ ಅಂಟಿದ ಧೂಳಿನ ರೊಟ್ಟಿ ಕೆಳಗೆ ಬೀಳುತ್ತೆ. ಫ್ಯಾನ್ ನಿಲ್ಲಿಸಬೇಕಿಲ್ಲ. ಈ ಏಟಿಗೆ ನೇಯ್ದ ಬಟ್ಟೆ ಸರಿಹೋಗಲ್ಲ, ರೊಟ್ಟಿ ಉದುರಿದ ಕೂಡಲೇ ಕಿಂಡಿ ತೆರೆದು ಧೂಳು ಒಳಗೆ ನುಗ್ಗುತ್ತೆ. ದಪ್ಪ ಫೆಲ್ಟ್ ಆದರೆ ರೊಟ್ಟಿ ಇಲ್ಲದಾಗಲೂ ಸೋಸುತ್ತೆ. ಅಷ್ಟೇ ಬಟ್ಟೆಯಲ್ಲಿ ಹೆಚ್ಚು ಗಾಳಿ ದಾಟಿಸಬಹುದು, ಅಂದರೆ ಯಂತ್ರ ಚಿಕ್ಕದಾಯ್ತು, ಅಗ್ಗವಾಯ್ತು. ಫೆಲ್ಟಿಗೆ ಮಾರುಕಟ್ಟೆ ಹುಟ್ಟಿದ್ದು ಆ 'ಫಟ್'ನಿಂದ. ಮುಂದೆ ಪಾಲಿಯೆಸ್ಟರು, 200 ಡಿಗ್ರಿ ತಾಳುವ ನೊಮೆಕ್ಸು, ಅದಕ್ಕೂ ಮೇಲೆ 250ರ ಆಸುಪಾಸು ತಾಳುವ ಪಿಟಿಎಫ್‌ಇ, ಗಾಜಿನ ಎಳೆ, ಹೀಗೆ ಒಂದೊಂದೇ ಬಂದವು. ಅದು ರಸಾಯನಶಾಸ್ತ್ರದವರ ಕಥೆ, ಬಿಡ್ತೀನಿ.

ನಮ್ಮೂರಿಗೆ ಬರೋಣ.

ಲೋಕಾಪುರ ಅಂದರೆ ಬೆಂಗಳೂರಿನ ಗೆಳೆಯರು "ಎಲ್ಲಿದೆ?" ಅಂತಾರೆ. ಭೂವಿಜ್ಞಾನ ಓದಿದವರು ಮಾತ್ರ ಕೇಳಲ್ಲ. ರಾಬರ್ಟ್ ಬ್ರೂಸ್ ಫೂಟ್ ಕಲಾದಗಿ ಶ್ರೇಣಿಯ ಕಲ್ಲುಗಳ ಬಗ್ಗೆ 1876ರಲ್ಲೇ ಬರೆದರು. ಆಮೇಲಿನವರು ಅದನ್ನು ವಿಂಗಡಿಸುವಾಗ ಒಂದು ಭಾಗಕ್ಕೆ 'ಲೋಕಾಪುರ ಉಪಗುಂಪು' ಅಂತಲೇ ಹೆಸರಿಟ್ಟರು. ನೂರು ಕೋಟಿ ವರ್ಷಕ್ಕೂ ಹಳೆಯ ಸಮುದ್ರದ ತಳದಲ್ಲಿ ಕೂತ ಸುಣ್ಣದಕಲ್ಲು, ಡಾಲೊಮೈಟು. ಆ ಸುಣ್ಣದಕಲ್ಲೇ ಸಿಮೆಂಟನ್ನು ಇಲ್ಲಿಗೆ ಎಳೆದು ತಂದದ್ದು. ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆ ಐವತ್ತರ ದಶಕದ್ದು. ಲೋಕಾಪುರದ ಹತ್ತಿರ ಕೇಶವ ಸಿಮೆಂಟ್ಸ್ ಇದೆ. ನಮ್ಮ ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿ ಜೆಕೆ ಸಿಮೆಂಟ್ 2009ರಲ್ಲಿ ವರ್ಷಕ್ಕೆ 30 ಲಕ್ಷ ಟನ್ನಿನ ಕಾರ್ಖಾನೆ ಶುರು ಮಾಡಿತು. ಬೆಳಗಾವಿ ಜಿಲ್ಲೆಯ ಯಾದವಾಡದಲ್ಲಿ ದಾಲ್ಮಿಯಾದವರದ್ದು 2015ರಲ್ಲಿ ಬಂತು.

ಸಿಮೆಂಟ್ ಕಾರ್ಖಾನೆ ಅಂದರೆ ಮೊದಲಿಂದ ಕೊನೆವರೆಗೂ ಪುಡಿ ಮಾಡೋ, ಪುಡಿ ಸಾಗಿಸೋ ಕೆಲಸ. ಕಲ್ಲು ಒಡೆಯುವಲ್ಲಿ, ಬೀಸುವಲ್ಲಿ, ಬೆಲ್ಟಿನಿಂದ ಬೆಲ್ಟಿಗೆ ಬೀಳುವಲ್ಲಿ, ಚೀಲ ತುಂಬುವಲ್ಲಿ, ಎಲ್ಲ ಕಡೆ ಧೂಳು. ಹಾಗಾಗಿ ಒಂದು ಆಧುನಿಕ ಕಾರ್ಖಾನೆಯಲ್ಲಿ ಬ್ಯಾಗ್ ಫಿಲ್ಟರ್‌ಗಳು ಹತ್ತಾರು ಇರುತ್ತವೆ, ಕೆಲವು ಕಪಾಟಿನಷ್ಟು, ಕೆಲವು ಮೂರಂತಸ್ತಿನ ಮನೆಯಷ್ಟು.

ಇದನ್ನು ಮಾಮಾಗೆ ಹೇಳುವಾಗ ಸೀರೆಯ ಲೆಕ್ಕದಲ್ಲಿ ಹೇಳಿದೆ. ಒಂದು ದೊಡ್ಡ ಫಿಲ್ಟರಿಗೆ ಗಂಟೆಗೆ 6 ಲಕ್ಷ ಘನ ಮೀಟರ್ ಗಾಳಿ ಬರುತ್ತೆ ಅಂದುಕೊಳ್ಳಿ. ಅಂದರೆ ನಿಮಿಷಕ್ಕೆ 10,000 ಘನ ಮೀಟರ್. ಫೆಲ್ಟಿನ ಒಂದು ಚದರ ಮೀಟರಿನಲ್ಲಿ ನಿಮಿಷಕ್ಕೆ ಸುಮಾರು ಒಂದು ಘನ ಮೀಟರ್ ದಾಟಿಸೋದು ರೂಢಿ. ಹಾಗಾದರೆ 10,000 ಚದರ ಮೀಟರ್ ಬಟ್ಟೆ ಬೇಕು. ಎರಡೂವರೆ ಎಕರೆ! ಆರು ಮೀಟರ್ ಉದ್ದ, ಒಂದು ಗೇಣಿಗಿಂತ ಸ್ವಲ್ಪ ಕಮ್ಮಿ ಅಡ್ಡಳತೆಯ ಚೀಲಗಳು 3,300. ಆರು ವಾರಿ ಸೀರೆಯ ಲೆಕ್ಕದಲ್ಲಿ ಒಂದೂವರೆ ಸಾವಿರ ಸೀರೆ. ಚದರ ಮೀಟರಿಗೆ 500 ಗ್ರಾಂ ಅಂದರೂ ತೂಕ 5 ಟನ್ನು. ಎರಡು ಮೂರು ವರ್ಷಕ್ಕೊಮ್ಮೆ ಅಷ್ಟನ್ನೂ ಬಿಚ್ಚಿ ಹೊಸದು ಹಾಕಬೇಕು.

"ಎರಡು ವರಸಕ್ಕೊಮ್ಮೆ ಒಂದೂವರೆ ಸಾವಿರ ಸೀರಿ ಒಂದ ಗಿರಾಕಿ ತಗೋತಾನಾ?" ಅಂತ ಮಾಮಾ ಕಣ್ಣರಳಿಸಿದರು. ಏಜೆಂಟನ ವರದಿಯಲ್ಲಿ ಬಾಣ ಮೇಲಕ್ಕೆ ಹೋಗಿದ್ದು ಸುಳ್ಳಲ್ಲ. ಆದರೆ ಆ ಗಿರಾಕಿ ತಾನಾಗಿ ಬಂದವನಲ್ಲ. ಅವನನ್ನು ಕರೆದು ತಂದದ್ದು ಒಂದು ಸಂಖ್ಯೆ.

ವಾಯು ಮಾಲಿನ್ಯ ಕಾಯ್ದೆ ಬಂದದ್ದು 1981ರಲ್ಲಿ, ಪರಿಸರ ಸಂರಕ್ಷಣಾ ನಿಯಮಗಳು 1986ರಲ್ಲಿ. ಆ ನಿಯಮಗಳ ಪಟ್ಟಿಯಲ್ಲಿ ದಿನಕ್ಕೆ 200 ಟನ್ನಿಗಿಂತ ದೊಡ್ಡ ಸಿಮೆಂಟ್ ಕಾರ್ಖಾನೆಗೆ, ಸಂರಕ್ಷಿತ ಪ್ರದೇಶ ಬಿಟ್ಟು ಉಳಿದ ಕಡೆ, ಚಿಮಣಿಯಿಂದ ಹೊರಬೀಳುವ ಧೂಳಿನ ಮಿತಿ ಘನ ಮೀಟರಿಗೆ 250 ಮಿಲಿಗ್ರಾಂ. ಸಣ್ಣವಕ್ಕೆ 400. 2003ರಲ್ಲಿ ಸರ್ಕಾರ ಮತ್ತು ಕೈಗಾರಿಕೆಗಳು ಮಾಡಿಕೊಂಡ ಒಪ್ಪಂದದಲ್ಲಿ ಹಳೆಯವಕ್ಕೆ 100, ಹೊಸವಕ್ಕೆ 50. 2014ರ ಆಗಸ್ಟ್‌ನ ಅಧಿಸೂಚನೆಯಲ್ಲಿ ಹೊಸ ಕಾರ್ಖಾನೆಗಳಿಗೆ 30.

ಇದನ್ನೂ ಚೀಲದಲ್ಲಿ ಎಣಿಸೋಣ (ಉಷ್ಣತೆಯ ತಿದ್ದುಪಡಿ ಬಿಟ್ಟಿದ್ದೀನಿ, ಕೆಮಿಕಲ್ ಇಂಜಿನಿಯರುಗಳು ಬಯ್ಯಬೇಡಿ). ಅದೇ 6 ಲಕ್ಷ ಘನ ಮೀಟರ್ ಗಾಳಿಯಲ್ಲಿ 250 ಮಿಲಿಗ್ರಾಂ ಅಂದರೆ ಗಂಟೆಗೆ 150 ಕಿಲೋ, ದಿನಕ್ಕೆ 3,600 ಕಿಲೋ. ಕಾನೂನು ಪಾಲಿಸಿಕೊಂಡೇ ದಿನಕ್ಕೆ 72 ಮೂಟೆ ಧೂಳನ್ನು ಒಂದೇ ಚಿಮಣಿಯಿಂದ ಊರ ಮೇಲೆ ಚೆಲ್ಲಬಹುದಿತ್ತು. 30 ಮಿಲಿಗ್ರಾಂ ಅಂದರೆ ದಿನಕ್ಕೆ 432 ಕಿಲೋ, ಒಂಬತ್ತು ಮೂಟೆಗಿಂತ ಕಮ್ಮಿ. ಉಳಿದ ಅರವತ್ಮೂರು ಮೂಟೆ ಎಲ್ಲಿ ನಿಲ್ಲಬೇಕು? ಬಟ್ಟೆಯಲ್ಲಿ. ಇಎಸ್‌ಪಿಯಿಂದಲೂ 30 ಮುಟ್ಟಬಹುದು, ಆದರೆ ಕಷ್ಟ. ಅದೂ ಅಲ್ಲದೆ ಗೂಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚಾದರೆ ಕಿಡಿಯಿಂದ ಸ್ಫೋಟ ಆಗಬಾರದು ಅಂತ ಇಎಸ್‌ಪಿಯನ್ನು ಆರಿಸಬೇಕಾಗುತ್ತೆ. ಆ ಹೊತ್ತು ಧೂಳೆಲ್ಲ ನೇರ ಆಕಾಶಕ್ಕೆ. ಚೀಲಕ್ಕೆ ಹೀಗೆ ಆರಿಸೋ ಗುಂಡಿ ಇಲ್ಲ.

ನನಗೆ ಈ ಸಂಖ್ಯೆಗಳು ಬರೀ ಸಂಖ್ಯೆಗಳಲ್ಲ. ಚಿಕ್ಕವನಿದ್ದಾಗ ನಮ್ಮ ಹೊಲದ ಹತ್ತಿರ ಒಂದು ಕಲ್ಲು ಕ್ರಷರ್ ಇತ್ತು. ಬಟ್ಟೆಯೂ ಇಲ್ಲ, ನೀರು ಸಿಂಪಡಿಸೋದೂ ಇಲ್ಲ. ಗೋವಿನಜೋಳದ ಎಲೆ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು, ನಾನೂ ತಂಗಿನೂ ಬರೀತಿದ್ವಿ. ಅಜ್ಜ ರಾತ್ರಿಯೆಲ್ಲ ಕೆಮ್ಮೋರು. ಬೀಡಿಯಿಂದ ಅಂತ ನಾವೆಲ್ಲ ಅಂದುಕೊಂಡಿದ್ವಿ. ಅರ್ಧ ಬೀಡಿ ಇರಬಹುದು. ಉಳಿದರ್ಧದ ಬಗ್ಗೆ ಆಗ ಯಾರಿಗೂ ಕೇಳಬೇಕು ಅಂತ ಅನ್ನಿಸಲೇ ಇಲ್ಲ.

ಈಗ ಹಿತ್ತಲ ಮಷಿನ್ನಿನ ಕಥೆ.

ಮಾಸ್ಕಿನ ನಡುವಿನ ಪದರ 'ಮೆಲ್ಟ್‌ಬ್ಲೋನ್' ಅನ್ನೋದೂ ನಾನ್‌ವೋವನ್ನೇ. ಪ್ಲಾಸ್ಟಿಕ್ ಕರಗಿಸಿ ಸಣ್ಣ ತೂತಿನಿಂದ ಬಿಡುವಾಗಲೇ ಬಿಸಿಗಾಳಿಯಿಂದ ಊದಿ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಎಳೆ ಮಾಡೋದು. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವ್ಯಾನ್ ವೆಂಟೆ ಅನ್ನೋರು ಇದನ್ನು ಮಾಡಿದ್ದು ಮಾಸ್ಕಿಗಲ್ಲ. ಸೋವಿಯತ್ ಅಣುಬಾಂಬ್ ಪರೀಕ್ಷೆಗಳಿಂದ ಆಕಾಶಕ್ಕೆ ಏರಿದ ವಿಕಿರಣ ಧೂಳನ್ನು ಹಿಡಿದು ನೋಡೋಕೆ. ಬಾಚಣಿಗೆಗೆ ಕಾಗದದ ಚೂರು ಅಂಟುವ ಹಾಗೆ ಕಣಗಳು ಅಂಟಲಿ ಅಂತ ಎಳೆಗಳಿಗೆ ವಿದ್ಯುತ್ ಚಾರ್ಜ್ ಕೊಡೋದು ಆಮೇಲೆ ಸೇರಿತು.

2020ರ ಮಾರ್ಚ್. ನಾನು ಕೆಲಸಕ್ಕೆ ಸೇರಿ ವರ್ಷ ಆಗಿತ್ತು, ಲಾಕ್‌ಡೌನಿಗೆ ಊರಿಗೆ ಬಂದಿದ್ದೆ. ಮಾರ್ಚ್ 21ಕ್ಕೆ ಕೇಂದ್ರ ಸರ್ಕಾರ ಮೂರು ಪದರದ ಮಾಸ್ಕಿಗೆ 10 ರೂಪಾಯಿ ಮೀರಬಾರದು ಅಂತ ದರ ಕಟ್ಟಿತು. ಅಷ್ಟು ಹಾಹಾಕಾರ. ಪಿಪಿಇ ಉಡುಪು ಇಲ್ಲಿ ತಯಾರಾಗುತ್ತಲೇ ಇರಲಿಲ್ಲ ಅನ್ನುವಂತಿದ್ದ ದೇಶ ಮೇ ತಿಂಗಳ ಹೊತ್ತಿಗೆ ದಿನಕ್ಕೆ 4.5 ಲಕ್ಷ ತಯಾರಿಸ್ತಿತ್ತು, ಅದರಲ್ಲಿ ಬೆಂಗಳೂರಿನದ್ದೇ ದೊಡ್ಡ ಪಾಲು. ಇತ್ತ ಬನಹಟ್ಟಿಯಲ್ಲಿ ಸೀರೆ ಕೊಳ್ಳೋರಿಲ್ಲದೆ ಮಗ್ಗ ನಿಂತಿದ್ದವು. ನಾನು ಎಕ್ಸೆಲ್ ತೆಗೆದು, ಮೂರು ತಿಂಗಳ ಅಂಕಿ ಹಾಕಿ, ಗೆರೆಯನ್ನು ಮುಂದಕ್ಕೆ ಎಳೆದು, ಮಾಮಾನ ಮಗನಿಗೆ ತೋರಿಸಿದೆ. ಅವನು ನಂಬಿದ, ನಾನು ಇಂಜಿನಿಯರ್ ತಾನೇ. ಸಾಲ ಮಾಡಿದ. ಮಷಿನ್ ಬಂದದ್ದು ನವೆಂಬರಿಗೆ. ಎರಡನೇ ಅಲೆಯ ಎರಡು ತಿಂಗಳು ಓಡಿತು. ಅಷ್ಟರಲ್ಲಿ ನನ್ನಂಥ ನೂರಾರು ಜನ ಅಂಥದ್ದೇ ಗೆರೆ ಎಳೆದು ಎಲ್ಲ ಊರಲ್ಲೂ ಮಷಿನ್ ಹಾಕಿಸಿದ್ದರು. ಹತ್ತು ರೂಪಾಯಿ ಮಾಸ್ಕು ಒಂದೆರಡು ರೂಪಾಯಿಗೆ ಬಂತು. ಆಮೇಲೆ ಮಾಸ್ಕನ್ನೇ ಬಿಟ್ಟರು. ಸಾಲದ ಕಂತು ಮಾತ್ರ ಹೋದ ವರ್ಷದವರೆಗೂ ಇತ್ತು. ಮಾಮಾ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಗ ನಾನು ಕೇಳದೇ ಇದ್ದ ಪ್ರಶ್ನೆ ಒಂದೇ: ಈ ಗಿರಾಕಿ ಯಾಕೆ ಬಂದಿದ್ದಾನೆ, ಯಾವಾಗ ಹೋಗ್ತಾನೆ? ಮಾಸ್ಕಿನ ಗಿರಾಕಿ ಹೆದರಿಕೆಯಿಂದ ಬಂದವನು, ಹೆದರಿಕೆ ಹೋದ ದಿನ ಹೋದ. ಸಿಮೆಂಟಿನ ಗಿರಾಕಿ ಕಾನೂನಿನಿಂದ ಬಂದವನು. ಕಾನೂನು ಹೆದರಿಕೆಗಿಂತ ಬಾಳಿಕೆ ಬರುತ್ತೆ, ಆದರೆ ಅದಕ್ಕೂ ದಿನಾಂಕಗಳ ಆಟ ಇದೆ. ಕಲ್ಲಿದ್ದಲ ವಿದ್ಯುತ್ ಕೇಂದ್ರಗಳಿಗೆ 2015ರ ಡಿಸೆಂಬರಿನಲ್ಲಿ ಬಿಗಿ ಮಿತಿ ಹಾಕಿದರು, ಧೂಳಿಗೆ ಹಳೆಯ ಘಟಕಕ್ಕೆ 100, ನಡುವಿನವಕ್ಕೆ 50, 2017ರಿಂದ ಬರುವವಕ್ಕೆ 30. ಎರಡು ವರ್ಷದಲ್ಲಿ ಪಾಲಿಸಿ ಅಂದರು. ಆ ಗಡುವು 2017ರಿಂದ 2022ಕ್ಕೆ ಹೋಯ್ತು, ಅಲ್ಲಿಂದಲೂ ಮುಂದೆ ಹೋಯ್ತು. 2017ಕ್ಕೆ ಆರ್ಡರ್ ಬರುತ್ತೆ ಅಂತ ಫೆಲ್ಟ್ ಮಷಿನ್ ಹಾಕಿದವನ ಗತಿ? ಇನ್ನು ಕಾನೂನು ಕೊಡೋದಷ್ಟೇ ಅಲ್ಲ, ಕಿತ್ತುಕೊಳ್ಳೋದೂ ಉಂಟು. ಪ್ಲಾಸ್ಟಿಕ್ ಕೈಚೀಲದ ಬದಲು ಅಂತ ನಾನ್‌ವೋವನ್ ಕೈಚೀಲದ ಮಷಿನ್ ಹಾಕಿದವರು ಎಷ್ಟೋ ಜನ. 2021ರ ಸೆಪ್ಟೆಂಬರ್ 30ರಿಂದ ಚದರ ಮೀಟರಿಗೆ 60 ಗ್ರಾಂಗಿಂತ ಹಗುರದ್ದು ನಿಷೇಧವಾಯ್ತು, ಏಕೆಂದರೆ ಅದೂ ಪ್ಲಾಸ್ಟಿಕ್ಕೇ.

ಸರ್ಕಾರ ಕೈಕಟ್ಟಿ ಕೂತಿಲ್ಲ, ನಿಜ. ತಾಂತ್ರಿಕ ಜವಳಿಗೆ ಅಂತ 2020ರ ಫೆಬ್ರವರಿಯಲ್ಲಿ 1,480 ಕೋಟಿ ರೂಪಾಯಿಯ ರಾಷ್ಟ್ರೀಯ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. 2021ರ ಸೆಪ್ಟೆಂಬರಿನಲ್ಲಿ 10,683 ಕೋಟಿಯ ಪ್ರೋತ್ಸಾಹಧನ ಯೋಜನೆ ಬಂತು. ಓದ್ತಾ ಹೋದೆ, ಅದರಲ್ಲಿ ಚಿಕ್ಕ ಬಾಗಿಲಿನಿಂದ ಒಳಗೆ ಬರಬೇಕಾದರೂ ಆಗ ಹಾಕಬೇಕಿದ್ದ ಬಂಡವಾಳ 100 ಕೋಟಿ. ದೊಡ್ಡ ಬಾಗಿಲಿಗೆ 300 ಕೋಟಿ. ಹನ್ನೆರಡು ಪಾವರ್‌ಲೂಮ್ ಮಾರಿದರೆ ಎಷ್ಟು ಬರುತ್ತೆ ಅಂತ ಮಾಮಾ ಹೇಳಿದರು, ನಾನು ಇಲ್ಲಿ ಬರೆಯಲ್ಲ.

ಅಂದ ಹಾಗೆ ಏಜೆಂಟನ ವರದಿ ಹೇಳದ ಇನ್ನೊಂದು ವಿಷಯ ಇದೆ. ಸೋಸೋ ಕೆಲಸದಲ್ಲಿ ನೇಯ್ಗೆ ಸೋತಿರೋದು ಮುಖ್ಯವಾಗಿ ಒಣ ಧೂಳಿನ ಕಡೆ. ನೀರು-ರಾಡಿಯ ಫಿಲ್ಟರ್ ಪ್ರೆಸ್ಸಿಗೆ ಇವತ್ತಿಗೂ ಹೆಚ್ಚಾಗಿ ಬೇಕಾಗೋದು ನೇಯ್ದ ಪಾಲಿಪ್ರೊಪಿಲೀನ್ ಬಟ್ಟೆಯೇ. ರೊಟ್ಟಿ ಸಲೀಸಾಗಿ ಬಿಟ್ಟುಕೊಡೋದು ನುಣುಪಾದ ನೇಯ್ಗೆ. ಫೆಲ್ಟಾದರೆ ರಾಡಿಯನ್ನು ಹೊಟ್ಟೆಯೊಳಗೆ ಇಟ್ಟುಕೊಂಡುಬಿಡುತ್ತೆ. ಅದಿರು ತೊಳೆಯುವಲ್ಲಿ, ಕೊಳಚೆ ಸಂಸ್ಕರಣೆಯಲ್ಲಿ, ಬಣ್ಣ-ಔಷಧಿ ಕಾರ್ಖಾನೆಗಳಲ್ಲಿ ಇದಕ್ಕೆ ಬೇಡಿಕೆ ಇದೆ. ಇದನ್ನು ಹೇಳಿದಾಗ ಮಾಮಾ ಒಂದು ಕ್ಷಣ ಖುಷಿಯಾದರು. ನಾನೇ ತಣ್ಣೀರು ಹಾಕಬೇಕಾಯ್ತು. ಅದನ್ನು ಬಿಗಿಯಾಗಿ ನೇಯೋಕೆ ಭಾರೀ ಮಗ್ಗ ಬೇಕು, ಸೀರೆಯ ಮಗ್ಗ ತಾಳಲ್ಲ. ಎರಡನೇ ಸಲ ಸುಳ್ಳು ಗೆರೆ ಎಳೆಯೋ ಧೈರ್ಯ ನನಗಿರಲಿಲ್ಲ.

ಬನಹಟ್ಟಿ ಹಿಂದೆ ಜಮಖಂಡಿ ಸಂಸ್ಥಾನದ್ದು, ಗೋಡೆಗೆ ಗೋಡೆ ತಾಗಿದ ರಬಕವಿ ಸಾಂಗ್ಲಿ ಸಂಸ್ಥಾನದ್ದು. ರಾಜರು ಹೋದರು, ಕೈಮಗ್ಗ ಹೋಗಿ ಪಾವರ್‌ಲೂಮ್ ಬಂತು, ಹತ್ತಿ ಹೋಗಿ ಪಾಲಿಯೆಸ್ಟರ್ ಬಂತು. ಪ್ರತಿ ಸಲವೂ ಯಾರೋ ಒಬ್ಬ ಮನೆಗೆ ಬಂದು ಹಳೇದನ್ನು ಮಾರು ಅಂತ ಹೇಳಿರುತ್ತಾನೆ. ಕೆಲವು ಸಲ ಅವನು ಹೇಳಿದ್ದು ಸರಿಯೂ ಆಗಿತ್ತು. ಹಾಗಾಗಿ ಮಾಮಾಗೆ ನಾನು 'ಬೇಡ' ಅನ್ನಲಿಲ್ಲ. ಫೆಲ್ಟ್ ಮಷಿನ್ ನಮ್ಮ ಕೈಗೆ ದಕ್ಕೋದಲ್ಲ, ಮಗ್ಗ ಮಾರಬೇಡಿ ಅಂದೆ. ಬೇಕಾದರೆ ಫೆಲ್ಟ್ ತಂದು ಚೀಲ ಹೊಲಿದು ಕೊಡೋ ಕೆಲಸ ಸಣ್ಣದಾಗಿ ನೋಡಬಹುದು, ಕಾರ್ಖಾನೆಗಳು ಹತ್ತಿರದಲ್ಲೇ ಇವೆ, ಚೀಲ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗಲೇಬೇಕು. ಅದೂ ಯಾವುದಾದರೂ ಕಾರ್ಖಾನೆ ಬಾಯಿ ಬಿಟ್ಟು 'ತಗೋತೀವಿ' ಅಂದಮೇಲೆ. ಬಾಣ ನೋಡಿ ಅಲ್ಲ.

ಮಾಮಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಫೆಲ್ಟಿನ ತುಂಡನ್ನು ತಿರುಗಿಸಿ ಮುರುಗಿಸಿ ನೋಡ್ತಾ ಕೂತಿದ್ದರು. ಆಗ ನನಗೆ ನೆನಪಾಯ್ತು, ಓದಿದ್ದನ್ನು ಹೇಳಿದೆ. ಇಂಥ ಫೆಲ್ಟ್ ಆರು ಮೀಟರ್ ಉದ್ದ ಜೋತುಬಿದ್ದು, ಮತ್ತೆ ಮತ್ತೆ 'ಫಟ್' ಏಟು ತಿಂದರೆ ಜಗ್ಗಿ ಹೋಗಬಾರದು. ಅದಕ್ಕೇ ಸಾಮಾನ್ಯವಾಗಿ ಎರಡು ಪದರದ ನಡುವೆ ತೆಳುವಾದ ಒಂದು ಜಾಲರಿ ಬಟ್ಟೆ ಇಟ್ಟು ಸೂಜಿ ಚುಚ್ಚಿರುತ್ತಾರೆ. ಸ್ಕ್ರಿಮ್ ಅಂತಾರೆ. ಅದು ನೇಯ್ದದ್ದು.

ಮಾಮಾ ಎದ್ದು ಕತ್ತರಿ ತಂದರು. ತುಂಡಿನ ಅಂಚನ್ನು ಸೀಳಿ, ಉಗುರಿನಿಂದ ಎಳೆಗಳನ್ನು ಹಿಂಜಿ ಹಿಂಜಿ ತೆಗೆದರು, ಪಿಂಜಾರರ ಹಾಗೆ. ಮಧ್ಯದಲ್ಲಿ ಸಣ್ಣ ಕಿಂಡಿ ಕಿಂಡಿ ಜಾಲರಿ ಕಾಣಿಸ್ತು. ಕಿಟಕಿಯ ಬೆಳಕಿಗೆ ಹಿಡಿದು, ಎಳೆ ಎಣಿಸುವ ಪುಟ್ಟ ಭೂತಗನ್ನಡಿಯನ್ನು ಅದರ ಮೇಲಿಟ್ಟು ಕಣ್ಣು ಕಿರಿದು ಮಾಡಿದರು. ಹಾಸು ಒಂದು ಸಲ, ಹೊಕ್ಕು ಒಂದು ಸಲ, ಮತ್ತೆ ಹಾಸು. ಹೊರಗೆ ಮಗ್ಗದ ಸದ್ದು. ಮಗನನ್ನು ಕೂಗಿದರು.

"ಏ, ಒಂದು ಪೆನ್ನ ತಗೊಂಡ ಬಾ. ಇಂಚಿಗೆ ಎಷ್ಟ ಎಳಿ ಅದಾವ ಬರ್ಕೋ. ಇದನ್ನ ಯಾರ ನೇಯತಾರ ಕೇಳೂಣು."